ರೊನಾಲ್ಡ್ ಫಿಶರ್

ಸರ್ ರೊನಾಲ್ಡ್ ಐಲ್ಮರ್ ಫಿಶರ್ (17 ಫೆಬ್ರವರಿ 1890 – 29 ಜುಲೈ 1962) ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರು ಹಾಗೂ ತಳಿವಿಜ್ಞಾನಿಗಳು. ರಿಗ್ರೆಶನ್ ಗುಣಾಂಕವನ್ನು ಎಷ್ಟು ನಂಬಬಹುದೆಂದು ಪರೀಕ್ಷಿಸುವ ಇಂದಿನ ಕ್ರಮಕ್ಕೆ ತಳಹದಿ ಹಾಕಿದವರಲ್ಲಿ ಇವರು ಪ್ರಮುಖರು.

ಜೀವನ

ಫಿಶರ್ ಲಂಡನ್ನಿನಲ್ಲಿ ಜನಿಸಿದರು. ದೃಷ್ಟಿ ಮಂದವಾಗಿದ್ದುದರಿಂದ ಗಣಿತದ ಸಮಸ್ಯೆಗಳನ್ನು ಮನಸ್ಸಿನಲ್ಲೇ ಜ್ಯಾಮಿತಿಯ ರೂಪದಲ್ಲಿ ಬಿಡಿಸುವುದನ್ನು ರೂಢಿಸಿಕೊಂಡರು. 1912ರಲ್ಲಿ ಕೇಂಬ್ರಿಜ್ ಪದವಿ ಪಡೆದರು. ದೃಷ್ಟಿದೋಷದಿಂದ ಸೇನೆಗೆ ಆಯ್ಕೆಯಾಗದೆ ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. 1919ರಲ್ಲಿ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿ, 1843ರಿಂದ ಸಂಗ್ರಹವಾಗಿದ್ದ ಬೆಳೆ ಪ್ರಯೋಗಗಳ ದಾಖಲೆಗಳನ್ನು ವಿಶ್ಲೇಷಿಸಿದರು. 1933ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ, 1943ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾದರು.

ಗುಣಾಂಕದ ಮಾನಕ ದೋಷ

ಒಂದೇ ತೋಟದಿಂದ ಬೇರೆ ಬೇರೆ ಮರಗಳನ್ನು ಆರಿಸಿ ಲೆಕ್ಕ ಹಾಕಿದರೆ ಪ್ರತಿ ಬಾರಿಯೂ ಗುಣಾಂಕ ತುಸು ಬದಲಾಗುತ್ತದೆ. ಈ ಏರಿಳಿತದ ಅಳತೆಯೇ ಮಾನಕ ದೋಷ. ಬಿಂದುಗಳು ರೇಖೆಯಿಂದ ದೂರ ಚದುರಿದಷ್ಟೂ ಇದು ಹೆಚ್ಚುತ್ತದೆ. ವೀಕ್ಷಣೆಗಳು ನಾಲ್ಕು ಪಟ್ಟಾದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. 1908ರಲ್ಲಿ ವಿಲಿಯಂ ಗಾಸೆಟ್ ಸರಾಸರಿಗಾಗಿ ರೂಪಿಸಿದ್ದ ವಿತರಣೆಯು, ಗುಣಾಂಕವನ್ನು ಅದರ ಮಾನಕ ದೋಷದಿಂದ ಭಾಗಿಸಿದಾಗ ಬರುವ ಅನುಪಾತಕ್ಕೂ ಅನ್ವಯಿಸುತ್ತದೆಂದು ಫಿಶರ್ 1922ರಲ್ಲಿ ತೋರಿಸಿದರು. ಇದರಿಂದ ಕಡಿಮೆ ಮಾಹಿತಿಯಿಂದಲೂ ಸರಿಯಾದ ನಿರ್ಣಯ ಸಾಧ್ಯವಾಯಿತು.

ಕಾಲ್ಪನಿಕ ಉದಾಹರಣೆಯೊಂದನ್ನು ನೋಡಬಹುದು. ಸುಳ್ಯದ ಅಡಿಕೆ ತೋಟವೊಂದರಲ್ಲಿ ಒಂದು ಕಿಲೋ ಗೊಬ್ಬರಕ್ಕೆ ಇಳುವರಿ 40 ಗ್ರಾಂ ಹೆಚ್ಚುತ್ತದೆಂದು ಲೆಕ್ಕ ತೋರಿಸಿದೆ ಎಂದುಕೊಳ್ಳೋಣ. ಮಾನಕ ದೋಷ 10 ಗ್ರಾಂ ಇದ್ದರೆ ಅನುಪಾತ 4. ಪರಿಣಾಮವಿದೆ ಎನ್ನಲು ಆಧಾರವಿದೆ. ಅದೇ 35 ಗ್ರಾಂ ಇದ್ದರೆ ಹೆಚ್ಚಳ ಆಕಸ್ಮಿಕವೂ ಆಗಿರಬಹುದು; ಅದನ್ನು ನಂಬಿ ಗೊಬ್ಬರಕ್ಕೆ ಹಣ ಹಾಕುವುದು ಕೃಷಿಕರಿಗೆ ನಷ್ಟ ತರಬಹುದು.

ಭಾರತದ ನಂಟು

ಫಿಶರ್ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಹಲವು ಬಾರಿ ಭೇಟಿ ನೀಡಿದ್ದರು. ಹೂವಿನ ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಕೇಂಬ್ರಿಜ್‌ನಲ್ಲಿ ಇವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಅಂದಾಜುಗಳ ಏರಿಳಿತಕ್ಕೆ ಇರುವ ಕನಿಷ್ಠ ಮಿತಿಯನ್ನು ರಾವ್ 1945ರಲ್ಲೇ ಪ್ರಕಟಿಸಿದ್ದರು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಕಡಬ ತಾಲೂಕಿನ ಕಿದು ತೆಂಗು ಸಂಶೋಧನಾ ಕೇಂದ್ರ ಮೊದಲಾದೆಡೆ ನಡೆಯುವಂಥ ಕ್ಷೇತ್ರ ಪ್ರಯೋಗಗಳ ವಿನ್ಯಾಸಕ್ಕೂ ಫಿಶರ್ ಅವರ ಚಿಂತನೆಯೇ ಮೂಲ.

ವಿವಾದ ಮತ್ತು ನಿಧನ

ಸುಸಂತತಿವಾದವನ್ನು ಬೆಂಬಲಿಸಿದ್ದಕ್ಕೆ, ಧೂಮಪಾನವೇ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬ ನಿರ್ಣಯವನ್ನು ವಿರೋಧಿಸಿದ್ದಕ್ಕೆ ಇವರು ಟೀಕೆಗೆ ಗುರಿಯಾಗಿದ್ದಾರೆ. ಇವರ ಸ್ಮಾರಕ ಗಾಜಿನ ಕಿಟಕಿಯನ್ನು ತೆಗೆಯಲು ಕೇಂಬ್ರಿಜ್‌ನ ಗಾನ್‌ವಿಲ್ ಆಂಡ್ ಕೀಸ್ ಕಾಲೇಜು 2020ರಲ್ಲಿ ನಿರ್ಧರಿಸಿತು. ಕೊನೆಯ ವರ್ಷಗಳನ್ನು ಆಸ್ಟ್ರೇಲಿಯಾದಲ್ಲಿ ಕಳೆದ ಫಿಶರ್, 1962ರಲ್ಲಿ ಅಡಿಲೇಡ್‌ನಲ್ಲಿ ನಿಧನ ಹೊಂದಿದರು.