ರಾಜರ್ಷಿ ನಾಲ್ವಡಿ ಶ್ರೀ ಕೃಷ್ಣರಾಜ ಒಡೆಯರು

ಲೋಕದಲ್ಲಿ ದಾನಿಗಳು ಅನೇಕರುಂಟು. ಹಸಿದು ಬಾಗಿಲಿಗೆ ಬಂದವನಿಗೆ ಅನ್ನವನ್ನಿಕ್ಕುವವನು ದಾನಿಯೇ ಸರಿ. ಆದರೆ ಬಾಗಿಲವರೆಗೆ ನಡೆದು ಬರಲಾರದವನ ಪಾಡೇನು? ಬಂದರೂ ಹೊಸ್ತಿಲ ಬಳಿ ಸುಳಿಯಗೊಡದೆ ಸಮಾಜವು ದೂರ ನಿಲ್ಲಿಸಿರುವವನ ಪಾಡೇನು? ಅಂತಹವನಿಗೆ ಒಬ್ಬ ದಾನಿಯ ಕರುಣೆ ಸಾಲದು. ನಾಡಿನ ಕಟ್ಟಳೆಯೇ ಬದಲಾಗಬೇಕು. ಹಾಗೆ ಕಟ್ಟಳೆಯನ್ನು ಬದಲಿಸಲು ಮನಸ್ಸು ಮಾಡಿದ ಅರಸರಲ್ಲಿ ಅಗ್ರಗಣ್ಯರೆನಿಸಿದವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಎಷ್ಟೋ ಮನೆಗಳಲ್ಲಿ ಅವರ ಭಾವಚಿತ್ರವು ದೇವರ ಪಟಗಳ ಸಾಲಿನಲ್ಲಿಯೇ ಇರುವುದನ್ನು ಕಾಣುತ್ತೇವೆ. ಅದಕ್ಕೆ ಕಾರಣವೇನೆಂಬುದನ್ನು ಅವರ ಜೀವನದಿಂದಲೇ ಅರಿಯಬೇಕು.

ಒಡೆಯರು ಜನಿಸಿದ್ದು 1884ನೆಯ ಇಸವಿ ಜೂನ್ 4ರಂದು. 1894ರ ಡಿಸೆಂಬರಿನಲ್ಲಿ ತಂದೆ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಿಕವಾಗಿ ತೀರಿಕೊಂಡರು. ಹತ್ತು ವರ್ಷದ ಬಾಲಕನಿಗೆ ಪಟ್ಟವಾಯಿತು; ರಾಜ್ಯಭಾರವನ್ನು ತಾಯಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ವಹಿಸಿಕೊಂಡು ದಕ್ಷತೆಯಿಂದ ನಡೆಸಿದರು. 1902ನೆಯ ಆಗಸ್ಟ್ ತಿಂಗಳಲ್ಲಿ, ಹದಿನೆಂಟು ವರ್ಷ ತುಂಬಿದ ಬಳಿಕ, ಒಡೆಯರು ಆಡಳಿತಸೂತ್ರವನ್ನು ತಾವೇ ಹಿಡಿದರು. ಮಿತಭಾಷಿಗಳು, ಪೂಜಾನಿಷ್ಠರು, ಸಂಗೀತಜ್ಞರು. ಅರಮನೆಯ ವೈಭವದ ನಡುವೆಯೂ ನಿಯಮಬದ್ಧ ಜೀವನವನ್ನು ನಡೆಸಿದವರು. ಗಾಂಧೀಜಿಯವರು ಅವರನ್ನು ರಾಜರ್ಷಿ ಎಂದು ಕರೆದದ್ದು ಲೋಕಪ್ರಸಿದ್ಧವಾಗಿದೆ.

ಅವರ ಕೈಗೆ ಬಂದ ನಾಡು ಹೇಗಿತ್ತು? 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಸುಮಾರು ಹತ್ತು ಲಕ್ಷ ಜನರು ಅಳಿದಿದ್ದರು. ಆ ನೆನಪು ಇನ್ನೂ ಹಸಿಯಾಗಿತ್ತು. ಮಂಡ್ಯದ ಸುತ್ತಣ ಬಯಲು ಬಹುಮಟ್ಟಿಗೆ ಮಳೆಯನ್ನೇ ನಂಬಿ ರಾಗಿ ಬೆಳೆಯುತ್ತಿದ್ದ ಬೆದ್ದಲು. ಅವರು ಅಧಿಕಾರ ವಹಿಸಿದ ವರ್ಷವೇ ಮಳವಳ್ಳಿ ಸೀಮೆಯ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ವಿದ್ಯುತ್ತು ಹುಟ್ಟಿ ತೊಂಬತ್ತಕ್ಕೂ ಹೆಚ್ಚು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆದರೆ ಆ ತಂತಿಯ ಕೆಳಗಿದ್ದ ಹಳ್ಳಿಗಳಿಗೆ ದೀಪ ಬರಲು ಬಹುಕಾಲ ಹಿಡಿಯಿತು. ನಾಡಿನ ಸಂಪತ್ತು ಹೆಚ್ಚಿದ ಮಾತ್ರಕ್ಕೆ ಅದು ತಾನಾಗಿ ಬಡವನ ಮನೆಯನ್ನು ಸೇರುವುದಿಲ್ಲ. ಅದಕ್ಕೆ ದಾರಿಯನ್ನು ಯಾರಾದರೂ ಕಡಿದು ಕೊಡಬೇಕು.

ಒಡೆಯರು ಮೊದಲು ಕಡಿದ ದಾರಿ ವಿದ್ಯೆಯದು. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಶಾಸನವಾಯಿತು. ಆರಿಸಿದ ಕೆಲವು ಸ್ಥಳಗಳಲ್ಲಿ ಅದು ಜಾರಿಗೆ ಬಂದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಅದೇ ಕಾಲದಲ್ಲಿ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನರ ಮಕ್ಕಳನ್ನು ಸರ್ಕಾರಿ ಶಾಲೆಗಳಲ್ಲಿ ಇತರರೊಡನೆ ಸೇರಿಸಿಕೊಳ್ಳಬೇಕೆಂದು ಸರ್ಕಾರವು ವಿಧಿಸಿತು. ಕೆಲವೆಡೆ ಮೇಲ್ಜಾತಿಯವರು ಸಿಟ್ಟಾಗಿ ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದರು. ಆದರೂ ಸರ್ಕಾರವು ಹಿಂದೆಗೆಯಲಿಲ್ಲ. ಮೂವತ್ತು ವರ್ಷ ಬೋಧಿಸಿದವನಾಗಿ ಹೇಳುತ್ತೇನೆ: ಒಂದೇ ಹಲಗೆಯ ಮುಂದೆ ಕುಳಿತ ಮಕ್ಕಳು ಕಲಿಯುವುದು ಅಕ್ಷರವನ್ನು ಮಾತ್ರವಲ್ಲ, ಪಕ್ಕದವನೂ ತನ್ನಂತೆಯೇ ಮನುಷ್ಯನೆಂಬುದನ್ನೂ ಕಲಿಯುತ್ತಾರೆ.

ಎರಡನೆಯ ದಾರಿ ಉದ್ಯೋಗದ್ದು. ಆಗ ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರಷ್ಟೂ ಇಲ್ಲದ ಒಂದು ವರ್ಗದವರೇ ದೊಡ್ಡ ಹುದ್ದೆಗಳಲ್ಲಿ ಅರ್ಧಕ್ಕೂ ಮಿಗಿಲಾಗಿ ತುಂಬಿದ್ದರು. ವೀರಶೈವರು, ಒಕ್ಕಲಿಗರು, ಮುಸಲ್ಮಾನರು ಮೊದಲಾದವರು ಪ್ರಜಾಮಿತ್ರ ಮಂಡಳಿಯ ಮೂಲಕ ಅರಸರಲ್ಲಿ ಅಹವಾಲು ಸಲ್ಲಿಸಿದರು. 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದವರಿಗೆ ದೊರೆಯಬೇಕೆಂದು ಅದು ಶಿಫಾರಸು ಮಾಡಿತು. ವಿದ್ಯಾರ್ಥಿವೇತನಗಳ ಅಗತ್ಯವನ್ನೂ ಎತ್ತಿ ತೋರಿಸಿತು. ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಯೋಗ್ಯತೆಯೊಂದೇ ಅಳತೆಗೋಲಾಗಬೇಕು, ಇಲ್ಲವಾದರೆ ಆಡಳಿತದ ದಕ್ಷತೆ ಕುಂದೀತೆಂಬುದು ಅವರ ಅಂಜಿಕೆ. ಆ ವರ್ಷವೇ ಅವರು ಪದವಿಯನ್ನು ಬಿಟ್ಟರು. ನಾಡಿಗೆ ಅಷ್ಟು ಉಪಕಾರ ಮಾಡಿದ ಮಹನೀಯರನ್ನು ಕಳೆದುಕೊಳ್ಳುವುದು ಅರಸರಿಗೆ ಸುಲಭವಾಗಿರಲಾರದು. ಆದರೆ ಯೋಗ್ಯತೆಯನ್ನು ಪಡೆಯುವ ಅವಕಾಶವೇ ಇಲ್ಲದವನನ್ನು ಯೋಗ್ಯತೆಯಿಂದ ಅಳೆಯುವುದು ಹೇಗೆ? ಅರಸರು ತಮ್ಮ ನಿರ್ಧಾರದಲ್ಲಿ ದೃಢವಾಗಿ ನಿಂತರು. 1921ರಲ್ಲಿ, ಕಾಂತರಾಜ ಅರಸರು ದಿವಾನರಾಗಿದ್ದಾಗ, ಸರ್ಕಾರದ ಆಜ್ಞೆ ಹೊರಟಿತು. ಭರತಖಂಡದಲ್ಲಿ ಇಂತಹ ಕಟ್ಟಳೆಗಳ ಮೊದಲ ಸಾಲಿಗೆ ಅದು ಸೇರಿದೆ.

ಸ್ತ್ರೀಯರ ವಿಷಯದಲ್ಲಿಯೂ ಕಟ್ಟಳೆಗಳಾದವು. 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯು ನಿಂತಿತು. 1933ರಲ್ಲಿ ಹಿಂದೂ ಸ್ತ್ರೀಯರಿಗೆ ಆಸ್ತಿಯಲ್ಲಿ ಹಕ್ಕುಗಳನ್ನು ಕೊಡುವ ಶಾಸನವಾಯಿತು.

ಮೂರನೆಯ ದಾರಿ ನೀರಿನದು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಎರಡು ದಶಕಗಳ ಕಾಲ ನಡೆಯಿತು. ಹಳೆಯ ಕನ್ನಂಬಾಡಿಯೂ ಸುತ್ತಣ ಊರುಗಳೂ ನೀರಿನಲ್ಲಿ ಮುಳುಗಿದವು. ಅಲ್ಲಿಯ ಜನ ಹುಟ್ಟಿದ ಮನೆಯನ್ನು ಬಿಟ್ಟು ನಡೆದರು. ನಮ್ಮ ಹಸಿರಿಗೆ ಅವರು ತೆತ್ತ ಬೆಲೆಯನ್ನು ಮರೆಯಲಾಗದು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗದಲ್ಲಿ ಹಾಯಿಸಿದ ಇರ್ವಿನ್ ನಾಲೆ, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, 1,20,000 ಎಕರೆಗೆ ನೀರುಣಿಸಲೆಂದು ಯೋಜಿತವಾದುದು. ಬೆದ್ದಲು ಗದ್ದೆಯಾಯಿತು, ಭತ್ತ, ಕಬ್ಬು ಬಂದವು. ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ ಅವರ ಪರಿಶ್ರಮದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ನೆಯ ಜುಲೈ 1ರಂದು ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಮರುವರ್ಷ, 1940ನೆಯ ಆಗಸ್ಟ್ 3ರಂದು, ಒಡೆಯರು ಬೆಂಗಳೂರಿನಲ್ಲಿ ಕಾಲವಶರಾದರು. ಅವರಿಗೆ ಸಂತಾನವಿರಲಿಲ್ಲ, ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟವನ್ನೇರಿದರು.

ಮಹಾತ್ಮರ ಚರಿತ್ರೆಯನ್ನು ಬರೆಯುವಾಗ ಕೊರತೆಯನ್ನು ಮುಚ್ಚಿಡುವುದು ಭಕ್ತಿಯಲ್ಲ. ಅರಸರ ಆಳ್ವಿಕೆಯಲ್ಲಿಯೇ, 1938ರ ಏಪ್ರಿಲ್ ತಿಂಗಳಲ್ಲಿ, ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸಾವಿರಾರು ಜನ ನೆರೆದು, ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನೇರಿಸಿದರು. ನೀರು ಕೊಟ್ಟ ದೊರೆಯ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಒಳ್ಳೆಯದನ್ನು ಅನುಗ್ರಹವೆಂದಲ್ಲದೆ ಹಕ್ಕೆಂದು ಪಡೆಯಬೇಕೆಂಬುದು ಅವರ ಆಶಯ. ಇನ್ನೊಂದು ಕೊರತೆಯೂ ಉಂಟು. ನಾಲೆಯ ನೀರು ಭೂಮಿಯಿದ್ದವನ ಗದ್ದೆಗೆ ಹರಿಯಿತು. ಭೂಮಿಯಿಲ್ಲದವನಿಗೆ ಅದೇ ಗದ್ದೆಯಲ್ಲಿ ಕೂಲಿ ದೊರೆಯಿತು, ಅಷ್ಟೆ. ಮಿಲ್ಲರ್ ಸಮಿತಿಯ ಲೆಕ್ಕದಲ್ಲಿ ಬ್ರಾಹ್ಮಣರನ್ನುಳಿದು ಹೆಚ್ಚು ಕಡಿಮೆ ಎಲ್ಲ ನಾಡವರೂ ಹಿಂದುಳಿದವರೇ. ಹಾಗಾಗಿ ಹೊಲವೂ ಅಕ್ಷರವೂ ಸ್ವಲ್ಪವಿದ್ದ ನಮ್ಮಂತಹ ಸಮುದಾಯಗಳು ಏಣಿಯನ್ನು ಮೊದಲು ಹತ್ತಿದವು, ಏನೂ ಇಲ್ಲದವರು ಕೆಳಗೇ ಉಳಿದರು. 1975ರಲ್ಲಿ ಹಾವನೂರು ಆಯೋಗವು ಈ ವ್ಯತ್ಯಾಸವನ್ನು ಎತ್ತಿ ಹೇಳಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಾಗ ನಮ್ಮಲ್ಲಿ ಅನೇಕರು ನೊಂದರು, ಕೋಪಗೊಂಡರು. ನಮ್ಮಲ್ಲಿಯೂ ಬಡವರಿದ್ದಾರೆಂಬುದು ನಿಜ. ಆದರೆ 1918ರಲ್ಲಿ ನಮ್ಮ ಹಿರಿಯರು ಅರಸರ ಮುಂದೆ ನಿಂತು ಕೇಳಿದ ನ್ಯಾಯವನ್ನೇ ಇಂದು ನಮಗಿಂತ ಹಿಂದೆ ನಿಂತವರು ಕೇಳುವಾಗ, ಅದು ಅನ್ಯಾಯವೆನ್ನುವ ಬಾಯಿ ನಮಗೆಲ್ಲಿಯದು?

ನಾಲೆಯ ಕೊನೆಯ ಭಾಗದಲ್ಲಿ ಜಮೀನುಳ್ಳ ಮದ್ದೂರು, ಮಳವಳ್ಳಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆ ತುಂಬಿದ್ದರೂ ಮೇಲಿನವರು ತೂಬನ್ನು ಮುಚ್ಚದಿದ್ದರೆ ಕೊನೆಯವನ ಗದ್ದೆ ಒಣಗುತ್ತದೆ. ಮೇಲಿನವನು ಕಳ್ಳನೇನೂ ಅಲ್ಲ. ತನ್ನ ಗದ್ದೆ ನೆನೆದ ಮೇಲೆಯೂ ನೀರನ್ನು ಬಿಡಲು ಮರೆತವನು, ಅಷ್ಟೆ. ತನ್ನದು ನೆನೆದೊಡನೆ ಕೆಳಗಿನವನಿಗೆ ನೀರು ಬಿಡುವುದೇ ದಾಸೋಹ. ದಾಸೋಹವು ಮಠದ ಪಂಕ್ತಿಯಲ್ಲಿ ಮುಗಿಯತಕ್ಕುದಲ್ಲ. ನಮ್ಮ ಗದ್ದೆಯಲ್ಲಿ ಕೂಲಿ ಮಾಡುವವನ ಮಗನು ಶಾಲೆಯಲ್ಲಿ, ಕಚೇರಿಯಲ್ಲಿ, ಗ್ರಾಮ ಪಂಚಾಯತಿಯಲ್ಲಿ ನಮ್ಮ ಸಮಕ್ಕೆ ಕುಳಿತಾಗ ಸಂತೋಷಪಡುವುದೂ ದಾಸೋಹವೇ.

ಅರಸರ ಪಟಕ್ಕೆ ಹೂವು ಮುಡಿಸುವ ಭಕ್ತರು ಇದನ್ನು ಮನಸ್ಸಿನಲ್ಲಿಡಲಿ. ನಾಲೆಯ ತುದಿಯಲ್ಲಿರುವವನ ಗದ್ದೆ ನೆನೆದ ದಿನವೇ ಆ ಪುಣ್ಯಪುರುಷರ ಕೆಲಸವು ಪೂರ್ಣವಾದೀತು.