ವಕೀಲಿಕೆ ತೊರೆದು ಮಕ್ಕಳ ‘ಮೀಸೆಯ ತಾಯಿ’ಯಾದ ಗಿಜುಭಾಯಿ

ಸುಮಾರು ನೂರು ವರ್ಷಗಳ ಹಿಂದೆ ಗುಜರಾತಿನ ಭಾವನಗರದಲ್ಲಿ ಮೀಸೆ ಹೊತ್ತ ಮಾಜಿ ವಕೀಲರೊಬ್ಬರನ್ನು ಜನ ‘ಮೂಛಾಳಿ ಮಾ’ ಎಂದು ಕರೆಯತೊಡಗಿದರು. ಕನ್ನಡದಲ್ಲಿ ಹೇಳುವುದಾದರೆ ಮೀಸೆಯುಳ್ಳ ತಾಯಿ. ನ್ಯಾಯಾಲಯದ ಮೆಟ್ಟಿಲು ಇಳಿದು ಪುಟಾಣಿಗಳ ಸಾಲಿನಲ್ಲಿ ನೆಲದ ಮೇಲೆ ಕುಳಿತ ಆ ವ್ಯಕ್ತಿಯೇ ಗಿಜುಭಾಯಿ ಬಧೇಕಾ. ಮಗುವಿನ ಕಲಿಕೆಗೆ ಬೇಕಾದ ಸಾಮಗ್ರಿಗಳಲ್ಲಿ ಬಹುಪಾಲು ಪ್ರತಿಯೊಂದು ಮನೆಯ ಅಡುಗೆಕೋಣೆಯಲ್ಲಿ, ಅಂಗಳದಲ್ಲಿ, ಅಜ್ಜಿಯ ನಾಲಗೆಯ ಮೇಲೆ ಈಗಾಗಲೇ ಇದೆ ಎಂಬುದನ್ನು ಅವರು ಎರಡು ದಶಕಗಳ ಕಾಲ ಮಾಡಿ ತೋರಿಸಿದರು. ಮೂರು ವರ್ಷದ ಮಗುವಿಗೂ ದುಬಾರಿ ‘ಕಲಿಕಾ ಕಿಟ್’ ಕೊಳ್ಳಲು ಹೊರಡುವ ಇಂದಿನ ನಗರವಾಸಿ ಪಾಲಕರಿಗೆ ಈ ಹೆಸರು ಅಷ್ಟಾಗಿ ಪರಿಚಿತವಲ್ಲ ಎಂಬುದು ವಿಷಾದದ ಸಂಗತಿಯೇ ಸರಿ.

ಗಿರಿಜಾಶಂಕರ ಭಗವಾನಜಿ ಬಧೇಕಾ ಜನಿಸಿದ್ದು 1885ರ ನವೆಂಬರ್ 15ರಂದು, ಸೌರಾಷ್ಟ್ರದ ಚಿತಲ್ ಎಂಬ ಊರಿನಲ್ಲಿ. ಬೆತ್ತ, ಬೈಗುಳ ಮತ್ತು ಬಾಯಿಪಾಠಗಳೇ ವಿದ್ಯೆಯ ಮೂರು ಆಧಾರಸ್ತಂಭಗಳೆಂದು ನಂಬಿದ್ದ ಕಾಲವದು. ಭಾವನಗರದಲ್ಲಿ ಕಾಲೇಜು ಮೆಟ್ಟಿಲು ಹತ್ತಿದರೂ ಓದು ಮುಂದುವರಿಯಲಿಲ್ಲ. ಸಂಪಾದನೆ ಅರಸಿ 1907ರಲ್ಲಿ ಪೂರ್ವ ಆಫ್ರಿಕಕ್ಕೆ ಹಡಗು ಹತ್ತಿದರು. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವ ಸ್ವಾವಲಂಬನೆಯ ಪಾಠವನ್ನು ಅವರಿಗೆ ಕಲಿಸಿದ್ದು ಆ ಪರದೇಶದ ವಾಸ. 1909ರಲ್ಲಿ ಮರಳಿದ ಮೇಲೆ ಮುಂಬಯಿಯಲ್ಲಿ ಕಾನೂನು ಓದಿ, ವಢವಾಣದಲ್ಲಿ ವಕೀಲಿಕೆ ಆರಂಭಿಸಿದರು. ಕಕ್ಷಿದಾರರು ಬಂದರು, ಹೆಸರೂ ಬಂತು.

1913ರಲ್ಲಿ ಮಗ ನರೇಂದ್ರ ಜನಿಸಿದ. ಬದುಕಿನ ದಿಕ್ಕು ಬದಲಾದದ್ದು ಇಲ್ಲಿ.

ಈ ಮಗುವನ್ನು ಬೆಳೆಸುವುದು ಹೇಗೆ, ತಾವು ಕಂಡಂತಹ ಶಾಲೆಗೇ ಇವನನ್ನೂ ದೂಡಬೇಕೆ ಎಂಬ ಪ್ರಶ್ನೆ ವಕೀಲರನ್ನು ಬಿಡದೆ ಕಾಡಿತು. ಸಲಹೆಗಾಗಿ ಸ್ನೇಹಿತರಲ್ಲಿ ವಿಚಾರಿಸಿದರು. ಶಿಕ್ಷಣಾಸಕ್ತ ಸಂಸ್ಥಾನಿಕರಾದ ದರಬಾರ್ ಗೋಪಾಲದಾಸ್ ಹಾಗೂ ಗ್ರಂಥಾಲಯ ಚಳವಳಿಯ ಮೋತಿಭಾಯಿ ಅಮೀನ್ ಅವರ ಸಂಪರ್ಕದಿಂದ, ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ ರೂಪಿಸಿದ ಪದ್ಧತಿಯ ಪುಸ್ತಕ ಕೈಗೆ ಬಂತು. ಮಗು ತುಂಬಬೇಕಾದ ಖಾಲಿ ಪಾತ್ರೆಯಲ್ಲ, ತನ್ನ ಇಂದ್ರಿಯಗಳ ಮೂಲಕ ತಾನೇ ಕಲಿಯಬಲ್ಲ ಸ್ವತಂತ್ರ ಜೀವಿ ಎಂಬ ಆ ವಿಚಾರ ಅವರನ್ನು ಹಿಡಿದುಬಿಟ್ಟಿತು. ಕಾನೂನು ಗ್ರಂಥಗಳ ಪಕ್ಕದಲ್ಲಿ ಬಾಲಶಿಕ್ಷಣದ ಗ್ರಂಥಗಳು ಸೇರಿಕೊಂಡವು. ಮನೆಯೇ ಮೊದಲ ಪ್ರಯೋಗಶಾಲೆಯಾಯಿತು, ಮಗನೇ ಮೊದಲ ಗುರು.

ಅದೇ ವೇಳೆಗೆ ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ಕಟ್ಟಿದ ದಕ್ಷಿಣಾಮೂರ್ತಿ ಸಂಸ್ಥೆ ಬೆಳೆಯುತ್ತಿತ್ತು. ಗಿಜುಭಾಯಿ ಮೊದಲು ಅದರ ಕಾನೂನು ಕೆಲಸಗಳಿಗೆ ನೆರವಾದರು. 1916ರಲ್ಲಿ ವಕೀಲಿಕೆಯನ್ನೇ ಕೈಬಿಟ್ಟು ಸಂಸ್ಥೆಗೆ ಸೇರಿಕೊಂಡರು. ಕೈತುಂಬ ಗಳಿಸಬಲ್ಲ ವೃತ್ತಿಯನ್ನು ತೊರೆದು ಶಿಕ್ಷಕನ ಅಲ್ಪ ವೇತನಕ್ಕೆ ಬರುವುದು, ಅದೂ ಸಂಸಾರ ಹೂಡಿದ ಮೂವತ್ತರ ವಯಸ್ಸಿನಲ್ಲಿ, ಸಣ್ಣ ನಿರ್ಧಾರವಾಗಿರಲಿಲ್ಲ.

ಆರಂಭದಲ್ಲಿ ಅವರ ಪಾಲಿಗೆ ಬಂದದ್ದು ಪ್ರೌಢಶಾಲೆಯ ಹುಡುಗರು. ಕೆಲವೇ ವರ್ಷಗಳಲ್ಲಿ ಅವರಿಗೆ ಒಂದು ಸಂಗತಿ ಮನದಟ್ಟಾಯಿತು. ಹದಿಮೂರು ಹದಿನಾಲ್ಕರ ವಯಸ್ಸಿಗೆ ಬರುವಷ್ಟರಲ್ಲಿ ಭಯ, ಸುಳ್ಳು, ಪರೀಕ್ಷೆಯ ಲೆಕ್ಕಾಚಾರಗಳು ಮಕ್ಕಳ ಸ್ವಭಾವದಲ್ಲಿ ಬೇರೂರಿರುತ್ತವೆ. ತಿದ್ದುವ ಕೆಲಸ ಇಲ್ಲಿ ಆಗುವುದಲ್ಲ, ಇನ್ನೂ ಹಿಂದಕ್ಕೆ ಹೋಗಬೇಕು. ಸಂಸ್ಥೆಯವರನ್ನು ಒಪ್ಪಿಸಿ 1920ರ ಆಗಸ್ಟ್ 1ರಂದು ಪುಟ್ಟ ಮಕ್ಕಳಿಗಾಗಿ ‘ಬಾಲಮಂದಿರ’ ತೆರೆದರು. 1922ರಲ್ಲಿ ತಖ್ತೇಶ್ವರ ಗುಡ್ಡದ ಬಳಿ ಅದರ ಸ್ವಂತ ಕಟ್ಟಡವನ್ನು ಕಸ್ತೂರಬಾ ಗಾಂಧಿ ಉದ್ಘಾಟಿಸಿದರು.

ಪೊರಕೆಯೂ ಪಾಠವೇ!

ಬಾಲಮಂದಿರದಲ್ಲಿ ಪಾಠಗಳ ವೇಳಾಪಟ್ಟಿ ಹುಡುಕಿ ಹೋದವರಿಗೆ ನಿರಾಶೆಯಾಗುತ್ತಿತ್ತು. ಮಗುವೊಂದು ಪೊರಕೆ ಹಿಡಿದು ಜಗುಲಿ ಗುಡಿಸುವುದು, ಇನ್ನೊಂದು ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯುವುದು, ಮತ್ತೊಂದು ಬಟ್ಟೆಯ ಗುಂಡಿ ಹಾಕಿ ಬಿಚ್ಚುವುದು, ತರಕಾರಿ ಹೆಚ್ಚುವುದು, ಗಿಡಕ್ಕೆ ನೀರುಣಿಸುವುದು. ಮನೆಯಲ್ಲಿ ಮಗು ಇವನ್ನು ಮಾಡಹೊರಟರೆ ದೊಡ್ಡವರು ಕೈಯಿಂದ ಕಸಿದುಕೊಳ್ಳುತ್ತಾರೆ. ನೀರು ಚೆಲ್ಲೀತು, ಪಾತ್ರೆ ಬಿದ್ದೀತು, ಹೊತ್ತಾದೀತು ಎಂಬುದು ಅವರ ಆತಂಕ. ಆದರೆ ನೀರು ಚೆಲ್ಲದಂತೆ ಸುರಿಯಲು ಕಲಿತ ಕೈಯೇ ನಾಳೆ ಲೇಖನಿಯನ್ನು ಹಿಡಿತದಲ್ಲಿಟ್ಟುಕೊಳ್ಳುತ್ತದೆ. ಕಾಳುಗಳನ್ನು ಬೇರ್ಪಡಿಸಲು ಕಲಿತ ಕಣ್ಣು ಅಕ್ಷರಗಳ ಭೇದವನ್ನೂ ಗುರುತಿಸುತ್ತದೆ. ಮಾಂಟೆಸ್ಸರಿಯವರಿಂದ ಗಿಜುಭಾಯಿ ಪಡೆದ ಮೂಲ ತತ್ವ ಇದು.

ಕಣ್ಣು ಮುಚ್ಚಿ ವಸ್ತುವನ್ನು ಮುಟ್ಟಿ ಒರಟೋ ನುಣುಪೋ ಹೇಳುವುದು, ವಾಸನೆಯಿಂದ ಪದಾರ್ಥ ಗುರುತಿಸುವುದು, ಎಲ್ಲರೂ ಮೌನವಾಗಿ ಕುಳಿತು ದೂರದ ಸಣ್ಣ ಸದ್ದುಗಳಿಗೆ ಕಿವಿಗೊಡುವ ‘ಶಾಂತಿಯ ಆಟ’, ಇವೆಲ್ಲ ದಿನಚರಿಯ ಭಾಗ. ಉಗುರು, ಕೂದಲು, ಬಟ್ಟೆಯ ಸ್ವಚ್ಛತೆಗೂ ಅಷ್ಟೇ ಪ್ರಾಶಸ್ತ್ಯ. ಗುಡ್ಡ ಸುತ್ತಿ ಕಲ್ಲು, ಎಲೆ, ಗರಿಗಳನ್ನು ಆಯ್ದು ತಂದು ಜೋಡಿಸಿದರೆ ಅದೇ ಮಕ್ಕಳ ವಸ್ತುಸಂಗ್ರಹಾಲಯ. ಹೊಡೆತವಿಲ್ಲ, ಬಹುಮಾನವೂ ಇಲ್ಲ. ದಂಡನೆಯಷ್ಟೇ ಆಮಿಷವೂ ಮಗುವಿನ ಸ್ವಂತ ಆಸಕ್ತಿಯನ್ನು ಕೊಲ್ಲುತ್ತದೆ ಎಂಬುದು ಅವರ ಖಚಿತ ನಿಲುವಾಗಿತ್ತು.

ಗುರುವನ್ನು ಮೀರಿದ ಶಿಷ್ಯ

ಗಿಜುಭಾಯಿ ಇಟಲಿಯ ಪದ್ಧತಿಯನ್ನು ಯಥಾವತ್ತಾಗಿ ಇಳಿಸಿಕೊಂಡವರಲ್ಲ. ದುಬಾರಿ ಸಾಧನಗಳಿಗೆ ಬದಲಾಗಿ ಊರಿನಲ್ಲೇ ದೊರೆಯುವ ಸಾಮಗ್ರಿಗೆ ಒಲವು ತೋರಿದರು. ಗರಬಾ, ಜಾನಪದ ಗೀತೆ, ನಾಟಕಗಳನ್ನು ಬಾಲಮಂದಿರದೊಳಗೆ ತಂದರು. ಎಲ್ಲಕ್ಕಿಂತ ಮುಖ್ಯವಾದ ಭಿನ್ನಮತ ಕಥೆಯ ವಿಷಯದಲ್ಲಿ. ಎಳೆಯ ಮಕ್ಕಳಿಗೆ ಕಲ್ಪನಾಲೋಕದ ಕಥೆಗಳು ತಕ್ಕವಲ್ಲ, ವಾಸ್ತವ ಜಗತ್ತಿನ ಪರಿಚಯವೇ ಮೊದಲು ಆಗಬೇಕು ಎಂಬುದು ಮಾಂಟೆಸ್ಸರಿಯವರ ಎಣಿಕೆ. ಮಾತನಾಡುವ ಕಾಗೆ, ಮೋಸಹೋಗುವ ರಾಜ, ಉಪಾಯಗಾರ ಮೊಲಗಳ ನಾಡಿನಲ್ಲಿ ಬೆಳೆದ ಗಿಜುಭಾಯಿಗೆ ಇದು ಒಪ್ಪಿಗೆಯಾಗಲಿಲ್ಲ. ಈ ಒಂದು ವಿಷಯದಲ್ಲಿ ಶಿಷ್ಯನದೇ ಮೇಲುಗೈ ಎನ್ನದೆ ವಿಧಿಯಿಲ್ಲ.

ಅವರು ಹೇಳಿದ, ಬರೆದಿಟ್ಟ ಜಾನಪದ ಕಥೆಗಳಲ್ಲಿ ದಲಾ ತರವಾಡಿಯ ಕಥೆ ಗುಜರಾತಿನಲ್ಲಿ ಮನೆಮಾತು. ತೋಟಕ್ಕೆ ನುಗ್ಗಿದ ತರವಾಡಿ, ಒಂದೆರಡು ಬದನೆಕಾಯಿ ಕೀಳಲೇ ಎಂದು ತೋಟವನ್ನೇ ಅನುಮತಿ ಕೇಳುತ್ತಾನೆ. ತೋಟದ ಪರವಾಗಿ ತಾನೇ ಉತ್ತರ ಕೊಟ್ಟು ಬುಟ್ಟಿ ತುಂಬಿಸಿಕೊಳ್ಳುತ್ತಾನೆ. ಸಿಕ್ಕಿಬಿದ್ದ ದಿನ ತೋಟದ ಮಾಲೀಕ ಅವನನ್ನು ಬಾವಿಗೆ ಇಳಿಬಿಟ್ಟು, ಎಷ್ಟು ಸಲ ಮುಳುಗಿಸಲಿ ಎಂದು ಬಾವಿಯನ್ನು ಕೇಳಿ, ಬಾವಿಯ ಪರವಾಗಿ ತಾನೇ ಉತ್ತರಿಸುತ್ತಾನೆ! ಮರುಕಳಿಸುವ ಮಾತುಗಳಿರುವ ಇಂತಹ ಕಥೆಗಳನ್ನು ಮಕ್ಕಳು ಎರಡನೆಯ ಸಲಕ್ಕೇ ತಾವೇ ಹೇಳತೊಡಗುತ್ತಾರೆ, ಮೂರನೆಯ ಸಲಕ್ಕೆ ಅಭಿನಯಿಸುತ್ತಾರೆ. ಭಾಷೆ, ಸ್ಮರಣೆ, ನಾಟಕ ಮೂರೂ ಒಂದೇ ಕಥೆಯಿಂದ ದೊರೆತಂತಾಯಿತು. ಕಥೆಯ ಕೊನೆಗೆ ನೀತಿಯ ಬಾಲ ಅಂಟಿಸುವುದನ್ನು ಅವರು ಒಪ್ಪುತ್ತಿರಲಿಲ್ಲ. ಕಥೆ ಕೊಡಬೇಕಾದದ್ದು ಮೊದಲು ಆನಂದ. ಕಥೆಯನ್ನು ಆಯುವುದು, ಹೇಳುವುದು ಹೇಗೆಂದು ವಿವರಿಸಲು ಕಥಾಶಾಸ್ತ್ರದ ಬಗ್ಗೆಯೇ ಪ್ರತ್ಯೇಕ ಗ್ರಂಥ ರಚಿಸಿದರು.

ಬಾಲಮಂದಿರದ ಮಗು ದಿನದ ಹೆಚ್ಚು ಹೊತ್ತು ಕಳೆಯುವುದು ಮನೆಯಲ್ಲಿ. ಅಲ್ಲಿ ಗುಮ್ಮನ ಹೆದರಿಕೆ, ಕಪಾಳಮೋಕ್ಷ ಮುಂದುವರಿದರೆ ಗುಡ್ಡದ ಮೇಲಿನ ಪ್ರಯೋಗವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಆದ್ದರಿಂದ ಗಿಜುಭಾಯಿ ತಂದೆತಾಯಂದಿರತ್ತ ತಿರುಗಿದರು. ‘ಶಿಕ್ಷಣ ಪತ್ರಿಕಾ’ ಮೂಲಕ, ಕಿರುಹೊತ್ತಿಗೆಗಳ ಮೂಲಕ ಅವರೊಡನೆ ಸಂವಾದ ನಡೆಸಿದರು. ತಂದೆತಾಯಿಯಾಗುವುದು ಕಠಿಣ ಎಂಬರ್ಥದ ಶೀರ್ಷಿಕೆಯನ್ನೇ ಒಂದು ಪುಸ್ತಕಕ್ಕೆ ಇಟ್ಟರು. ಮನೆಯ ಒಂದು ಮೂಲೆ ಮಗುವಿನದಾಗಲಿ. ಬಟ್ಟೆ ತೂಗುಹಾಕುವ ಗೂಟ ಅದರ ಕೈಗೆ ಎಟುಕಲಿ. ಪುಟ್ಟ ಪೊರಕೆ, ಪುಟ್ಟ ಚೊಂಬು ಇರಲಿ. ಹೆಸರು, ಕಡಲೆ, ಉದ್ದು ಬೆರೆಸಿಟ್ಟರೆ ಬೇರ್ಪಡಿಸುತ್ತ ಕೂರುತ್ತದೆ. ಬಟ್ಟೆ ಮಡಿಸಲು ಕರೆದರೆ ಅಂಚಿಗೆ ಅಂಚು ಕೂಡಿಸುತ್ತ ಆಕಾರಗಳನ್ನು ಅರಿಯುತ್ತದೆ. ರಾತ್ರಿ ಮಲಗುವ ಮುನ್ನ ಒಂದು ಕಥೆ. ಅವರ ಬೋಧನೆ ಬಹುಮಟ್ಟಿಗೆ ಇಷ್ಟು ಸರಳ. ಮಗು ತಾನಾಗಿ ಮಾಡುತ್ತಿರುವ ಕೆಲಸದಲ್ಲಿ ಕೈಹಾಕದಿರುವುದು ಮಾತ್ರ ಎಲ್ಲಕ್ಕಿಂತ ಕಷ್ಟದ ಸೂಚನೆ.

ದುಡಿಮೆಯಿಂದ ಬಳಲಿ ಮನೆಗೆ ಬರುವ ತಾಯಿಗೆ ಇಷ್ಟು ವ್ಯವಧಾನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಪಾಲಕರಿಗೆ ಬಿಡುವಿದೆ ಎಂದು ಗಿಜುಭಾಯಿ ಬಹಳ ಸುಲಭವಾಗಿ ಭಾವಿಸಿಬಿಟ್ಟರು ಎನ್ನಬಹುದು. ಆದರೂ ಮನೆಗೆಲಸವನ್ನೇ ಕಲಿಕೆಯಾಗಿಸಿದ್ದರಿಂದ ಅವರ ಮಾರ್ಗಕ್ಕೆ ಹೆಚ್ಚಿನ ಹಣವಾಗಲಿ ಪ್ರತ್ಯೇಕ ಪಾಠದ ಹೊತ್ತಾಗಲಿ ಬೇಡ.

1930ರ ದಶಕದ ಆರಂಭದಲ್ಲಿ ಹೊರಬಂದ ‘ದಿವಾಸ್ವಪ್ನ’ ಅವರ ಅತ್ಯಂತ ಪ್ರಸಿದ್ಧ ಕೃತಿ. ಸರ್ಕಾರಿ ಶಾಲೆಯ ನಾಲ್ಕನೆಯ ತರಗತಿಯನ್ನು ಒಂದು ವರ್ಷ ಪ್ರಯೋಗಕ್ಕೆಂದು ಪಡೆದ ಶಿಕ್ಷಕನೊಬ್ಬನ ಕಾಲ್ಪನಿಕ ಕಥನವಿದು. ಮೊದಲ ದಿನವೇ ಆತನ ಶಾಂತಿಯ ಆಟ ಗದ್ದಲದಲ್ಲಿ ಮುಗಿಯುತ್ತದೆ! ಕಥೆ ಹೇಳತೊಡಗಿದ ಮೇಲೆ ಮಕ್ಕಳು ಕದಲದೆ ಕೂರುತ್ತಾರೆ. ಸಹೋದ್ಯೋಗಿಗಳ ಕುಹಕ, ಪಾಲಕರ ಸಂಶಯ, ಅಧಿಕಾರಿಯ ಅಸಹನೆಗಳ ನಡುವೆ ಆತ ತರಗತಿಗೊಂದು ಗ್ರಂಥಾಲಯ ಕಟ್ಟುತ್ತಾನೆ, ಆಟ ಆಡಿಸುತ್ತಾನೆ. ಸೋಲುಗಳನ್ನೂ ಮುಚ್ಚಿಡದ ಕಾರಣಕ್ಕೇ ಈ ಕೃತಿ ಇಂದಿಗೂ ಹಳತಾಗಿಲ್ಲ. ಕನ್ನಡದ ಓದುಗರಿಗೆ ಇದು ‘ಹಗಲುಗನಸು’ ಎಂಬ ಹೆಸರಿನಲ್ಲಿ ಲಭ್ಯ.

ಬಂದು ಜೊತೆಗೂಡಿದ ತಾರಾಬಾಯಿ ಮೋಡಕ್ ಅವರೊಡನೆ ಗಿಜುಭಾಯಿ 1926ರಲ್ಲಿ ‘ನೂತನ ಬಾಲ ಶಿಕ್ಷಣ ಸಂಘ’ ಕಟ್ಟಿದರು. ಅಧ್ಯಾಪನ ಮಂದಿರದಲ್ಲಿ ಶಿಕ್ಷಕರು ತರಬೇತಿ ಪಡೆದರು. 1930ರ ಸತ್ಯಾಗ್ರಹದ ದಿನಗಳಲ್ಲಿ ಮಕ್ಕಳ ವಾನರ ಸೇನೆಯನ್ನು ಸಂಘಟಿಸುವುದರಲ್ಲಿ, ಅಕ್ಷರ ಪ್ರಚಾರದಲ್ಲಿ ಅವರು ತೊಡಗಿದ್ದರು. ಚಿಕ್ಕಪುಟ್ಟವೂ ಸೇರಿ ಇನ್ನೂರಕ್ಕೂ ಹೆಚ್ಚು ಪುಸ್ತಕಗಳು ಅವರ ಹೆಸರಿನಲ್ಲಿವೆ.

1936ರಲ್ಲಿ ಅವರು ದಕ್ಷಿಣಾಮೂರ್ತಿಯಿಂದ ಹೊರಬಂದರು. ಎರಡು ದಶಕ ಬೆವರು ಸುರಿಸಿದ ನೆಲವನ್ನು ಬಿಟ್ಟು ಹೊಸದಾಗಿ ಬೇರು ಬಿಡುವ ವಯಸ್ಸು ಅದಾಗಿರಲಿಲ್ಲ. ಆದರೂ ರಾಜಕೋಟದಲ್ಲಿ ಮತ್ತೊಂದು ಅಧ್ಯಾಪನ ಮಂದಿರಕ್ಕೆ ತೊಡಗಿದರು. ದೇಹ ಸಹಕರಿಸಲಿಲ್ಲ. 1939ರ ಜೂನ್ 23ರಂದು ಮುಂಬಯಿಯಲ್ಲಿ ನಿಧನರಾದಾಗ ಅವರಿಗಿನ್ನೂ 53 ವರ್ಷ. ಯಾರ ಪುಸ್ತಕದಿಂದ ಅವರ ಬದುಕು ತಿರುವು ಪಡೆಯಿತೋ ಆ ಮಾಂಟೆಸ್ಸರಿ ಮದರಾಸಿಗೆ ಬಂದು ಭಾರತದಲ್ಲಿ ತರಬೇತಿ ಆರಂಭಿಸಿದ್ದು ಅದೇ ವರ್ಷದ ನವೆಂಬರಿನಲ್ಲಿ.

ತಾರಾಬಾಯಿ ಆ ಕೆಲಸವನ್ನು 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ, ಮುಂದೆ ಅನುತಾಯಿ ವಾಘ್ ಅವರೊಡನೆ ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ಒಯ್ದರು. ಶಾಲೆಗೆ ಬಾರದ ಮಕ್ಕಳ ಬಳಿಗೆ, ಅವರ ಮನೆಯಂಗಳಕ್ಕೇ ಶಾಲೆ ಹೋಗಬೇಕೆಂಬ ಯೋಚನೆ ಅಲ್ಲಿ ಬೆಳೆಯಿತು; ಅಂಗನವಾಡಿ ಎಂಬ ಕಲ್ಪನೆಯ ಮೂಲಗಳಲ್ಲಿ ಅದೂ ಒಂದು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ.