ಶಿಬಿರದ ತಾಯಂದಿರ ಬಂಧು ಎಮಿಲಿ ಹಾಬ್‌ಹೌಸ್

ಎಮಿಲಿ ಹಾಬ್‌ಹೌಸ್ ಅವರು ೧೮೬೦ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಪಾದ್ರಿಯೊಬ್ಬರ ಪುತ್ರಿಯಾಗಿ ಜನಿಸಿದರು. ೧೮೯೯ರಿಂದ ೧೯೦೨ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಯುದ್ಧದಲ್ಲಿ ಆಂಗ್ಲಸೈನ್ಯವು ಡಚ್ ಮೂಲದ ಬೋಯರ್ ರೈತರ ಮನೆಗಳಿಗೆ ಬೆಂಕಿಯಿಟ್ಟು, ನೆಲೆಗೆಟ್ಟ ಸ್ತ್ರೀಯರನ್ನೂ ಮಕ್ಕಳನ್ನೂ ಡೇರೆಗಳ ಶಿಬಿರಗಳಿಗೆ ಸಾಗಿಸಿತು. ಈ ವಾರ್ತೆಯನ್ನು ಕೇಳಿದ ಎಮಿಲಿಯವರು ಪರಿಹಾರನಿಧಿಯನ್ನು ಕೂಡಿಸಿ ಹಡಗನ್ನೇರಿದರು.

೧೯೦೧ರ ಜನವರಿಯಲ್ಲಿ ಅವರು ಬ್ಲೂಮ್‌ಫಾಂಟೇನ್ ಶಿಬಿರವನ್ನು ಹೊಕ್ಕರು. ಬಿಸಿಲಿಗೆ ಕಾದ ಡೇರೆಗಳು, ನೊಣಗಳ ಮುತ್ತಿಗೆ, ಮಲಿನಜಲ. ಅದನ್ನು ಕಾಯಿಸೋಣವೆಂದರೆ ಸಾಕಷ್ಟು ಸೌದೆಯಿಲ್ಲ. ಸಾಬೂನಂತೂ ಇಲ್ಲವೇ ಇಲ್ಲ. ಅದು ವಿಲಾಸದ ವಸ್ತುವೆಂದು ಅಧಿಕಾರಿಗಳ ಎಣಿಕೆ! ಬಾಣಂತಿಯರೂ ಹಸುಳೆಗಳೂ ಇರುವೆಡೆಯಲ್ಲಿ ಅದು ಔಷಧಕ್ಕಿಂತ ಮೊದಲು ಬೇಕಾದುದೆಂಬುದನ್ನು ಹೆಂಗಸೊಬ್ಬರು ಸಮುದ್ರ ದಾಟಿ ಬಂದು ತಿಳಿಸಬೇಕಾಯಿತು. ಅಧಿಕಾರಿಗಳ ಬೆನ್ನುಹತ್ತಿ ಅವರು ಸಾಬೂನನ್ನು ಕೊಡಿಸಿದರು; ನೀರು ಕಾಯಿಸುವ ಹಂಡೆಗಳಿಗಾಗಿ ಹೋರಾಡಿದರು.

ಸ್ವದೇಶಕ್ಕೆ ಮರಳಿ ಜೂನ್ ತಿಂಗಳಲ್ಲಿ ವರದಿಯನ್ನು ಪ್ರಕಟಿಸಿದಾಗ ದೇಶದ್ರೋಹಿಯೆಂಬ ನಿಂದೆಯೇ ದೊರೆತ ಪ್ರತಿಫಲ. ಸರಕಾರವು ಕಳುಹಿಸಿದ ಆರು ಮಹಿಳೆಯರ ಮಂಡಲಿಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಆದರೆ ಆ ಮಂಡಲಿಯೂ ಅವರ ಮಾತನ್ನು ಬಹುಮಟ್ಟಿಗೆ ಸಮರ್ಥಿಸಿತು. ಅಕ್ಟೋಬರದಲ್ಲಿ ಮತ್ತೆ ಕೇಪ್‌ಟೌನಿಗೆ ಹೋದಾಗ ಇಳಿಯಗೊಡದೆ ಬಲಾತ್ಕಾರದಿಂದ ಹಿಂದಿರುಗಿಸಲಾಯಿತು. ಅನಂತರ ಶಿಬಿರಗಳು ಸುಧಾರಿಸಿದುದು ನಿಜ. ಅಷ್ಟರಲ್ಲಿ ಮಡಿದವರೆಷ್ಟು! ಯುದ್ಧ ಮುಗಿಯುವ ವೇಳೆಗೆ ಸತ್ತ ಬೋಯರ್ ಸ್ತ್ರೀಯರೂ ಮಕ್ಕಳೂ ೨೬,೦೦೦ಕ್ಕೂ ಅಧಿಕ. ಅವರಲ್ಲಿ ಮಕ್ಕಳೇ ಬಹುಪಾಲು. ಕರಿಯ ಜನರ ಪ್ರತ್ಯೇಕ ಶಿಬಿರಗಳಲ್ಲಿ ಲೆಕ್ಕಕ್ಕೆ ಸಿಕ್ಕ ಮರಣಗಳೇ ೧೪,೦೦೦ವನ್ನು ಮೀರಿದವು. ಆ ಶಿಬಿರಗಳನ್ನು ಎಮಿಲಿಯವರೂ ನೋಡಲಾಗಲಿಲ್ಲ.

೧೯೦೫ರಲ್ಲಿ ಅವರು ಪುನಃ ಅಲ್ಲಿಗೆ ಹೋಗಿ, ಯುದ್ಧದಿಂದ ಬಡವಾದ ಮನೆಗಳ ಹೆಣ್ಣುಮಕ್ಕಳಿಗಾಗಿ ಫಿಲಿಪೊಲಿಸ್‌ನಲ್ಲಿ ನೂಲುವ, ನೇಯುವ ಶಾಲೆಯನ್ನು ತೆರೆದರು. ೧೯೨೬ರಲ್ಲಿ ಲಂಡನ್ನಿನಲ್ಲಿ ಕಾಲವಾದರು. ಅವರ ಚಿತಾಭಸ್ಮವನ್ನು ಬ್ಲೂಮ್‌ಫಾಂಟೇನಿನ ಸ್ತ್ರೀಸ್ಮಾರಕದ ಬುಡದಲ್ಲಿ ಇರಿಸಿದ್ದಾರೆ.